ಸನ್ಮಾನದ ಖರ್ಚು ಕೇಳಿದರೆ ಸೈನಿಕನಿಗೆ ಅವಮಾನವೇ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಭೂಸೇನೆಯಲ್ಲಿ 17 ವರ್ಷ ಸೇವೆ ಮುಗಿಸಿ ಬಂದ ನಮ್ಮೂರಿನ ಯೋಧರೊಬ್ಬರನ್ನು ಈಚೆಗೆ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ವೇದಿಕೆ ಹಾಕಿಸಿ ಸನ್ಮಾನಿಸಲಾಯಿತು. ‘ಸಂಬಳ ತೆಗೆದುಕೊಂಡು ಮಾಡಿದ ಕೆಲಸಕ್ಕೆ ಇಷ್ಟೆಲ್ಲ ಏಕೆ?’ ಎಂದು ಊರಿನ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದು ಹಲವರಿಗೆ ಸಿಟ್ಟು ತರಿಸಿತು. ಆಮೇಲೆ ಗ್ರಾಮಸಭೆಯಲ್ಲಿ, ಪಂಚಾಯಿತಿ ಇದಕ್ಕೆ ಎಷ್ಟು ಖರ್ಚು ಮಾಡಿತೆಂದು ನಾನು ಕೇಳಿದೆ. ‘ಸೈನಿಕರ ವಿಷಯದಲ್ಲೂ ಲೆಕ್ಕ ಕೇಳುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?’ ಎಂದು ಬಾಯಿ ಮುಚ್ಚಿಸಿದರು. ಮೇಷ್ಟ್ರು ಕೇಳಿದ್ದು ತಪ್ಪೇ? ನಾನು ಕೇಳಿದ್ದು ತಪ್ಪೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಪಂಚಾಯಿತಿಯ ಹಣ ಯಾವ ಬಾಬ್ತಿಗೆ ಖರ್ಚಾಗಿದ್ದರೂ ಅದರ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳಬಹುದು. ನೀವು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಬಾಯಿ ಮುಚ್ಚಿಸಿದ ಆ ಮಾತಿಗೆ ಅಷ್ಟು ಬಲ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಮೇಷ್ಟ್ರ ಪ್ರಶ್ನೆಯಿಂದಲೇ ಹೊರಡಬೇಕಾಗುತ್ತದೆ. ಮೈಸೂರಿನ ಕಾಲೇಜೊಂದರಲ್ಲಿ ಮೂರು ದಶಕ ಸಾರ್ವಜನಿಕ ಆಡಳಿತ ಬೋಧಿಸಿ, ನಡುವೆ ಕೆಲವು ವರ್ಷ ಎನ್‌ಸಿಸಿ ಘಟಕವನ್ನೂ ನೋಡಿಕೊಂಡ ನನಗೆ ಸನ್ಮಾನ ಮತ್ತು ಲೆಕ್ಕ ಎರಡೂ ಒಂದೇ ಕಡತದ ಹಾಳೆಗಳೆಂದೇ ಅನ್ನಿಸುತ್ತ ಬಂದಿದೆ. ಒಂದನ್ನು ಹರಿದು ಹಾಕಿ ಇನ್ನೊಂದನ್ನು ಮಾತ್ರ ಜನರ ಮುಂದೆ ಹಿಡಿಯುವುದನ್ನು ನಾನು ಒಪ್ಪಲಾರೆ.

ಮೇಷ್ಟ್ರ ಪ್ರಶ್ನೆ ಇಂದಿನದಲ್ಲ. ಹಳಗನ್ನಡದಲ್ಲಿ ಇದಕ್ಕೆಂದೇ ಎರಡು ಮಾತುಗಳಿದ್ದವು. ಒಡೆಯನ ಮನೆಯಲ್ಲಿ ಉಂಡ ಜೋಳದ ಋಣವನ್ನು ಕಾಳಗದಲ್ಲಿ ತೀರಿಸುವುದು ಜೋಳವಾಳಿ. ಒಡೆಯನಿಗಾಗಿ ಪ್ರಾಣ ಬಿಡುವೆನೆಂದು ಮಾತು ಕೊಟ್ಟು, ಆ ವೇಳೆ ಬಂದಾಗ ಹಾಗೆಯೇ ನಡೆದುಕೊಳ್ಳುವುದು ವೇಳೆವಾಳಿ. ಮೇಷ್ಟ್ರ ವಾದವನ್ನು ಈ ಮಾತಿನಲ್ಲಿ ಇಡುವುದಾದರೆ, ಜೋಳ ಉಂಡವನು ಜೋಳವಾಳಿ ತೀರಿಸಿದ್ದಾನೆ, ಅದರಲ್ಲಿ ಹೆಚ್ಚೇನಿದೆ ಎಂದಾಗುತ್ತದೆ. ವಾದ ನೇರವಾಗಿದೆ, ಕೇಳಿದವರನ್ನು ದೇಶದ್ರೋಹಿ ಎನ್ನುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೂ ಅದು ಪೂರ್ತಿ ಸರಿಯಲ್ಲ.

ಏಕೆಂದರೆ ಸೈನಿಕನು ಸಂಬಳಕ್ಕೆ ಬದಲಾಗಿ ಬಿಟ್ಟುಕೊಡುವುದು ಬರೀ ದುಡಿಮೆಯ ಗಂಟೆಗಳನ್ನಲ್ಲ. ಸಂವಿಧಾನದ 33ನೇ ವಿಧಿಯು ಸೇನಾಪಡೆಗಳವರ ಮೂಲಭೂತ ಹಕ್ಕುಗಳನ್ನು ಕರ್ತವ್ಯಕ್ಕೂ ಶಿಸ್ತಿಗೂ ಬೇಕಾದಷ್ಟು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳ ಅಡಿಯಲ್ಲಿ ಸೈನಿಕನು ಸಂಘ ಕಟ್ಟುವಂತಿಲ್ಲ, ಮೇಲಿನವರ ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯುವಂತಿಲ್ಲ, ರಾಜಕೀಯ ಸಭೆಯಲ್ಲಿ ಮಾತಾಡುವಂತಿಲ್ಲ. ಕಾವಲಿಗೆ ನಿಲ್ಲಿಸಿದ ಠಾಣೆಯನ್ನು ಶತ್ರುವಿಗೆ ನಾಚಿಕೆಗೇಡಿನ ರೀತಿಯಲ್ಲಿ ಬಿಟ್ಟುಕೊಟ್ಟರೆ ಮರಣದಂಡನೆಯವರೆಗೂ ಶಿಕ್ಷೆಯಿದೆ. ನಾನಾಗಲಿ ನಿಮ್ಮೂರ ಮೇಷ್ಟ್ರಾಗಲಿ ಸಂಬಳ ಸಾಲದಾಗ ಸಂಘದ ಬಾವುಟ ಹಿಡಿದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತವರೇ. ಆ ಯೋಧರಿಗೆ 17 ವರ್ಷ ಆ ದಾರಿ ಇರಲಿಲ್ಲ. ತನ್ನ ಪರವಾಗಿ ತಾನೇ ದನಿ ಎತ್ತಲಾಗದವನ ಪರವಾಗಿ ಊರು ದನಿ ಎತ್ತುವುದು ನ್ಯಾಯವೇ ಸರಿ. ಆದರೆ ಆ ದನಿ ಜೈಕಾರದಲ್ಲಿ ಮುಗಿದುಹೋಗಬಾರದು. ಆತ ಕೇಳಲಾಗದ ಪ್ರಶ್ನೆಗಳನ್ನು ಕೇಳುವ ಹೊಣೆಯೂ ಊರಿನದೇ ಆಗುತ್ತದೆ. ನನ್ನ ಉತ್ತರದ ತಿರುಳು ಇಷ್ಟೇ, ಉಳಿದದ್ದು ಇದರ ವಿವರಣೆ.

ಕರ್ತವ್ಯ ಮಾಡಿದ್ದಕ್ಕೇ ಗೌರವ ಸಲ್ಲಬೇಕೇ, ಕರ್ತವ್ಯವನ್ನು ಮೀರಿದ್ದಕ್ಕೆ ಮಾತ್ರವೇ ಎಂಬುದನ್ನು ಸೇನೆ ತನ್ನೊಳಗೆ ಬಹಳ ಹಿಂದೆಯೇ ಬಗೆಹರಿಸಿಕೊಂಡಿದೆ. ನನ್ನ ನೆರೆಮನೆಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಒಂದು ಸಂಜೆ ಅವರು ಕಬ್ಬಿಣದ ಟ್ರಂಕಿನಿಂದ ಕರ್ಚೀಫಿನಲ್ಲಿ ಸುತ್ತಿಟ್ಟ ಪದಕಗಳನ್ನು ತೆಗೆದು ಜಗಲಿಯ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಸಾಲಾಗಿ ಜೋಡಿಸಿದರು. ಪಟ್ಟಿಯ ಬಣ್ಣ ಮಾಸಿದ್ದ ಒಂದನ್ನು ಬೆರಳ ತುದಿಯಿಂದ ಮುಟ್ಟಿ, ‘ಇದು ಶೌರ್ಯದ್ದಲ್ಲ ಸಾರ್, ಒಂಬತ್ತು ವರ್ಷ ಸರ್ವಿಸ್ ಮಾಡಿದ್ದಕ್ಕೆ. ಇದು ಎತ್ತರದ ಜಾಗದಲ್ಲಿ ಇದ್ದುದಕ್ಕೆ’ ಎಂದರು. 9, 20 ಮತ್ತು 30 ವರ್ಷಗಳ ದೀರ್ಘಸೇವಾ ಪದಕಗಳು, ಸಿಯಾಚಿನ್ ಹಿಮನದಿಯ ಸೇವೆಗೆ ಪದಕ, ಶತ್ರುವಿನಿಂದ ಗಾಯಗೊಂಡವರಿಗೆ ಪರಾಕ್ರಮ ಪದಕ, ಇವೆಲ್ಲ ಇಂತಲ್ಲಿ ಇಷ್ಟು ಕಾಲ ಇದ್ದ, ಹೇಳಿದ್ದು ಮಾಡಿದ, ಏಟು ತಿಂದ ಎಂಬುದರ ದಾಖಲೆಗಳು. ಅಂದರೆ ಕರ್ತವ್ಯಕ್ಕೇ ಸಲ್ಲುವ ಗೌರವ ಒಂದಿದೆ; ಅದು ಸದ್ದಿಲ್ಲದ್ದು, ಅಳತೆಯುಳ್ಳದ್ದು, ಅರ್ಹರಾದ ಎಲ್ಲರಿಗೂ ಸಿಗುವಂಥದ್ದು.

ಶೌರ್ಯದ ಗೌರವ ಬೇರೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು 1950ರ ಜನವರಿ 26ರಂದು, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಸ್ಥಾಪಿಸಲಾಯಿತು. ಯುದ್ಧಭೂಮಿಯ ಹೊರಗಿನ ಸಾಹಸಕ್ಕೆಂದು 1952ರಲ್ಲಿ ಅಶೋಕ ಚಕ್ರದ ಮೂರು ದರ್ಜೆಗಳು ಬಂದವು. 1967ರಲ್ಲಿ ಅವುಗಳಿಗೆ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರ ಎಂದು ಹೆಸರಾಯಿತು. ಬಿರುದುಗಳನ್ನು ರದ್ದು ಮಾಡಿದ ಸಂವಿಧಾನದ 18ನೇ ವಿಧಿಯೇ ಸೇನೆಯ ಮತ್ತು ವಿದ್ಯೆಯ ವಿಶಿಷ್ಟತೆಗಳನ್ನು ಮಾತ್ರ ಹೊರಗಿಟ್ಟಿದೆ. ಶೌರ್ಯಪದಕವು ಯಾರೋ ಮೆಚ್ಚಿ ಕೊಡುವ ಹಾರವಲ್ಲ. ಯಾವ ದಿನ, ಯಾವ ಜಾಗದಲ್ಲಿ, ಎದುರಿಗೆ ಏನಿತ್ತು, ಈತ ಏನು ಮಾಡಿದ ಎಂದು ಘಟಕದ ಅಧಿಕಾರಿ ಬರೆದ ಶಿಫಾರಸು ಒಂದೊಂದೇ ಹಂತ ಮೇಲೇರಿ, ಪ್ರತಿ ಹಂತದಲ್ಲೂ ಪರೀಕ್ಷೆಗೊಳಗಾಗಿ, ಕೊನೆಗೆ ರಾಷ್ಟ್ರಪತಿಯವರ ಒಪ್ಪಿಗೆಗೆ ಹೋಗುತ್ತದೆ. ಕೊಟ್ಟ ಪದಕವನ್ನು ರದ್ದುಪಡಿಸುವ, ರದ್ದಾದುದನ್ನು ಮರಳಿ ಕೊಡುವ ಅವಕಾಶವೂ ಅದರ ನಿಯಮಗಳಲ್ಲಿದೆ. ಸೇನೆಯೇ ತನ್ನ ಅತ್ಯುನ್ನತ ಗೌರವವನ್ನು ಇಷ್ಟು ತೂಗಿ ನೋಡುವಾಗ, ಸೈನಿಕರ ವಿಷಯದಲ್ಲಿ ಲೆಕ್ಕ ಕೇಳಬಾರದೆಂಬ ಮಾತು ಸೇನೆಯಿಂದ ಬಂದದ್ದಲ್ಲ, ಶಾಮಿಯಾನ ಹಾಕಿಸಿದವರಿಂದ ಬಂದದ್ದು.

ಇದಕ್ಕೆ ನಿಮ್ಮ ಜಿಲ್ಲೆಯಲ್ಲೇ ಸಾವಿರ ವರ್ಷ ಹಿಂದಿನ ಸಾಕ್ಷಿಯಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲಂ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು, ಆ ಕಾಳಗದಲ್ಲಿ ಬೂತುಗನ ಆಳು ಮಣಲೇರನು ಮೆರೆದದ್ದು ಅದರಲ್ಲಿದೆ. ಮೆಚ್ಚಿದ ಒಡೆಯ ಬೇಕಾದ್ದು ಕೇಳೆಂದಾಗ ಮಣಲೇರನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಆಮೇಲೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು, ಅದಕ್ಕೂ ಕಲ್ಲು ನಿಂತಿತು. ನಾಯಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಚೆನ್ನಾಗಿಯೂ ಇದೆ. ನಾನು ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದುದು ಶಾಸನದ ಉಳಿದ ಸಾಲುಗಳನ್ನು. ಮಣಲೇರನಿಗೆ ಯಾವ ಊರುಗಳು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ ಸಂದವೆಂದು ಅದು ಹೆಸರು ಹಿಡಿದು ಹೇಳುತ್ತದೆ. ನಾಯಿಯ ಕಲ್ಲಿಗೆ ಯಾವ ಕೆರೆಯ ಕೆಳಗೆ ಎಷ್ಟು ಖಂಡುಗದ ಭೂಮಿ ಬಿಟ್ಟರೆಂದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲೆನ್ನುತ್ತದೆ. ಗೌರವ ಪಡೆದದ್ದು ಯಾವ ಕೆಲಸಕ್ಕೆ, ಕೊಟ್ಟದ್ದು ಏನು, ಅದನ್ನು ನಡೆಸಬೇಕಾದವನು ಯಾರು, ನಡೆಸದಿದ್ದರೆ ಏನು ಎಂಬುದೆಲ್ಲ ಒಂದೇ ಕಲ್ಲಿನ ಮೇಲಿದೆ. ಕಾಳಗದಲ್ಲಿ ಸತ್ತವನ ಮನೆಗೆ ಬಿಡುತ್ತಿದ್ದ ನೆತ್ತರುಗೊಡಗೆಯ ಹೊಲವೂ ಇದೇ ಜಾತಿಯದು. ಈಗಿನ ನೆನಪಿನ ಕಾಣಿಕೆಯ ಫಲಕದ ಮೇಲೆ ಯೋಧನ ಹೆಸರಿಗಿಂತ ಕೊಟ್ಟವರ ಹೆಸರು ದಪ್ಪಕ್ಷರದಲ್ಲಿರುವುದನ್ನು ಕಂಡಾಗಲೆಲ್ಲ ನನಗೆ ಈ ಕಲ್ಲು ನೆನಪಾಗುತ್ತದೆ.

ಇನ್ನು ಮೇಲಿನ ಹಂತದ ಹೊಣೆಗಾರಿಕೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೇನಾ ಠಾಣೆಯೊಂದರ ಮೇಲೆ ಹಿಮಕುಸಿತವಾಗಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ನಂತರ ಜೀವಂತವಾಗಿ ಸಿಕ್ಕಿ, ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಾಡೆಲ್ಲ ಬಲ್ಲದು. ಆ ಹತ್ತು ಮಂದಿಯಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಯುವಕರೊಬ್ಬರೂ ಇದ್ದರು. ಸರಿಯಾಗಿ ನಾಲ್ಕು ವರ್ಷಗಳ ನಂತರ, 2020ರ ಫೆಬ್ರುವರಿಯಲ್ಲಿ, ಎತ್ತರದ ಪ್ರದೇಶಗಳ ಸೈನಿಕರ ಬಟ್ಟೆ, ಸಲಕರಣೆ, ಆಹಾರ ಮತ್ತು ವಸತಿಯ ಬಗ್ಗೆ, ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಬಹೂಪಯೋಗಿ ಬೂಟುಗಳು ಪೂರೈಕೆಯಾಗದೆ ಹಳೆಯವನ್ನೇ ಮತ್ತೆ ಮತ್ತೆ ಬಳಸಬೇಕಾಯಿತು, ಹಿಮಕನ್ನಡಕಗಳ ಕೊರತೆ ಶೇ 62ರಿಂದ 98ರಷ್ಟಿತ್ತು, ಬದಲಿ ಆಹಾರ ಪದಾರ್ಥಗಳ ಲೆಕ್ಕಾಚಾರದಿಂದಾಗಿ ಕ್ಯಾಲರಿ ಲಭ್ಯತೆ ಶೇ 82ರಷ್ಟು ಕಡಿಮೆಯಾದದ್ದೂ ಉಂಟು ಎಂದು ಅದು ಹೇಳಿತು. ಅದು ಹಿಂದಿನ ಅವಧಿಯ ಮಾತು, ಈಗ ಸ್ಥಿತಿ ಸುಧಾರಿಸಿದೆ ಎಂದು ಆಗಿನ ಭೂಸೇನಾ ಮುಖ್ಯಸ್ಥರು ಉತ್ತರಿಸಿದರು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಹತ್ತು ಸಾವುಗಳಿಗೆ ಕಾರಣ ಹಿಮಕುಸಿತ, ಬೂಟಿನ ಕೊರತೆಯಲ್ಲ. ಎರಡನ್ನೂ ಗಂಟುಹಾಕಿ ಭಾಷಣ ಮಾಡುವುದು ಅನ್ಯಾಯ. ನಾನು ಹೇಳುತ್ತಿರುವುದು ದಿನಾಂಕಗಳ ಬಗ್ಗೆ ಮಾತ್ರ. ನಾವು ಆ ಯೋಧರಿಗೆ ಊರೂರಲ್ಲಿ ಮೇಣದಬತ್ತಿ ಹಚ್ಚುತ್ತಿದ್ದ ತಿಂಗಳಲ್ಲೇ ಅವರ ಸಂಗಡಿಗರು ಹಳೆಯ ಬೂಟುಗಳಲ್ಲಿ ಓಡಾಡುತ್ತಿದ್ದರು, ಅದು ನಮಗೆ ತಿಳಿದದ್ದು ಲೆಕ್ಕಪರಿಶೋಧಕರೊಬ್ಬರು ದಾಸ್ತಾನು ಪುಸ್ತಕ ತೆರೆದು ನೋಡಿದ್ದರಿಂದ. ಆ ಪರಿಶೋಧಕರಿಗೆ ಯಾರೂ ಮೈಸೂರು ಪೇಟ ತೊಡಿಸಲಿಲ್ಲ. ಆದರೂ ಸಿಯಾಚಿನ್‌ನಲ್ಲಿ ನಿಂತವನಿಗೆ ಮೆರವಣಿಗೆಗಿಂತ ಹೆಚ್ಚಿನ ಉಪಕಾರ ಮಾಡಿದವರು ಅವರೇ ಎಂದು ನಾನು ನಂಬಿದ್ದೇನೆ.

ಸೋಲು, ಎಡವಟ್ಟುಗಳ ವಿಷಯದಲ್ಲಿ ನಮ್ಮ ಗಣರಾಜ್ಯ ಎರಡು ರೀತಿ ನಡೆದುಕೊಂಡಿದೆ. ಕಾರ್ಗಿಲ್ ಮುಗಿದ ಮೂರೇ ದಿನಕ್ಕೆ, 1999ರ ಜುಲೈ 29ರಂದು, ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಿಶೀಲನಾ ಸಮಿತಿ ನೇಮಕವಾಯಿತು. 2000ದ ಫೆಬ್ರುವರಿಯಲ್ಲಿ, ಕೆಲವು ಭಾಗಗಳನ್ನು ತಡೆಹಿಡಿದಿದ್ದರೂ, ಅದರ ವರದಿ ಸಂಸತ್ತಿನ ಮುಂದೆ ಬಂತು. ನುಸುಳುವಿಕೆ ಮೊದಲೇ ಏಕೆ ಕಾಣಲಿಲ್ಲವೆಂದು ಕೇಳಿದ್ದರಿಂದ 527 ಯೋಧರ ಬಲಿದಾನಕ್ಕೆ ಕುಂದು ಬಂತೆಂದು ಯಾರೂ ಹೇಳಲಿಲ್ಲ. ಆದರೆ ಚೀನಾದೆದುರು 1962ರಲ್ಲಾದ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯನ್ನು 1963ರಲ್ಲಿ ಸಲ್ಲಿಕೆಯಾದ ಮೇಲೆ ಯಾವ ಪಕ್ಷದ ಸರ್ಕಾರವೂ ಅಧಿಕೃತವಾಗಿ ಪ್ರಕಟಿಸಲಿಲ್ಲ. ಬೇಸಿಗೆಯ ಬಟ್ಟೆಯಲ್ಲಿ ಹಿಮಾಲಯ ಹತ್ತಿದವರ ಮಕ್ಕಳು ಮೊಮ್ಮಕ್ಕಳಿಗೆ ಅದನ್ನು ಓದುವ ಹಕ್ಕಿಲ್ಲವೇ ಎಂಬ ನನ್ನ ಪ್ರಶ್ನೆಗೆ ತರಗತಿಯಲ್ಲಿ ಯಾವ ವರ್ಷವೂ ಎದುರುತ್ತರ ಸಿಗಲಿಲ್ಲ.

ಸೈನಿಕನ ನಡತೆಯೂ ಪ್ರಶ್ನಾತೀತವಲ್ಲ. ಆತ ಪಾಲಿಸಬೇಕಾದದ್ದು ಕಾನೂನುಬದ್ಧ ಆದೇಶವನ್ನು ಎಂದು ಸೇನಾ ಕಾಯ್ದೆಯೇ ಹೇಳುತ್ತದೆ. ಮಣಿಪುರದ ನಕಲಿ ಎನ್‌ಕೌಂಟರ್ ಆರೋಪದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ 2016ರ ಜುಲೈನಲ್ಲಿ, ಅಪರಾಧ ನಡೆದಿದ್ದರೆ ಸೇನಾಪಡೆಯವರಿಗೂ ವಿಚಾರಣೆಯಿಂದ ಪೂರ್ಣ ರಕ್ಷಣೆಯಿಲ್ಲವೆಂದು ಸ್ಪಷ್ಟಪಡಿಸಿತು. ಸರಿಯಾಗಿ ನಡೆದುಕೊಂಡ ಲಕ್ಷಾಂತರ ಮಂದಿಯ ಹೆಸರು ಉಳಿಯುವುದು ಇದರಿಂದಲೇ.

ಮತ್ತೆ ನೆರೆಮನೆಯ ಹವಾಲ್ದಾರರ ಟ್ರಂಕಿಗೆ ಬರುತ್ತೇನೆ. ಅದರ ತಳದಲ್ಲಿ ಮಡಿಕೆ ಬಿಚ್ಚದ ಐದು ಶಾಲುಗಳಿದ್ದವು, ಅವುಗಳ ಮೇಲೊಂದು ಕಂದು ಬಣ್ಣದ ಲಕೋಟೆ. ಸೇನೆ ಬಿಟ್ಟು ಬರುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ಅವರ ಪತ್ನಿಯ ಹೆಸರು ತವರಿನಲ್ಲಿ ಕರೆಯುತ್ತಿದ್ದಂತೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಅದನ್ನು ಸರಿಪಡಿಸಲು ಅವರು ಕಚೇರಿಯಿಂದ ಕಚೇರಿಗೆ ಅಲೆದು ಎರಡು ವರ್ಷವಾಗಿತ್ತು. ‘ನಾನಿರೋವರೆಗೂ ಪರವಾಗಿಲ್ಲ ಸಾರ್, ಆಮೇಲೆ ಇವಳ ಗತಿಯೇನು?’ ಎಂದರು. ಮದುವೆ, ಮಕ್ಕಳ ಜನನದಂಥ ವಿವರಗಳು ಸೇನಾ ದಾಖಲೆಯಲ್ಲಿ ಸೇರುವುದು ‘ಪಾರ್ಟ್ ಟೂ ಆರ್ಡರ್’ ಎಂದು ಸೈನಿಕರು ಕರೆಯುವ ಆದೇಶದ ಮೂಲಕ. ಅಲ್ಲಿ ಒಂದಕ್ಷರ ತಪ್ಪಿದರೆ ಕುಟುಂಬ ಪಿಂಚಣಿ ಸಿಕ್ಕಿಹಾಕಿಕೊಳ್ಳುತ್ತದೆ. ಮಡಿದವರ ವಿಷಯದಲ್ಲಂತೂ ನಾವು ಫ್ಲೆಕ್ಸಿನ ಮೇಲೆ ಬರೆಸುವ ‘ಹುತಾತ್ಮ’ ಎಂಬ ಪದಕ್ಕೆ ಸೇನಾ ದಾಖಲೆಯಲ್ಲಿ ಜಾಗವಿಲ್ಲ. ಸಾವು ಯಾವ ವರ್ಗಕ್ಕೆ ಸೇರಿತೆಂಬುದರ ಮೇಲೆ ಕೊನೆಯ ಸಂಬಳದಷ್ಟೇ ಬರುವ ಉದಾರೀಕೃತ ಕುಟುಂಬ ಪಿಂಚಣಿಯೋ, ಅದರ ಶೇ 60ರಷ್ಟಿರುವ ವಿಶೇಷ ಕುಟುಂಬ ಪಿಂಚಣಿಯೋ ತೀರ್ಮಾನವಾಗುತ್ತದೆ. ನಿಮ್ಮೂರ ಸನ್ಮಾನ ಸಮಿತಿಯವರಿಗೆ ಇನ್ನೂ ಉತ್ಸಾಹ ಉಳಿದಿದ್ದರೆ, ಆ ಯೋಧರ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಜನ್ಮದಿನಾಂಕ ಹೋಲಿಸಿ ನೋಡಲಿ. ವ್ಯತ್ಯಾಸ ಕಂಡರೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಜೊತೆಯಲ್ಲಿ ಹೋಗಿಬರಲಿ. ರಾಜ್ಯದ ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆಂದು ಪಾಲು ಇರುವುದನ್ನೂ ವಿಚಾರಿಸಲಿ.

ವೇದಿಕೆಯಲ್ಲಿ ಪಕ್ಷದವರಿದ್ದರೇ ಎಂಬುದನ್ನು ನೀವು ಬರೆದಿಲ್ಲ. ಪ್ರಚಾರದಲ್ಲಿ ಸೈನಿಕರ ಚಿತ್ರ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಪಕ್ಷಗಳಿಗೆ ಸೂಚಿಸಿ, 2019ರ ಮಾರ್ಚ್‌ನಲ್ಲಿ ಮತ್ತೆ ನೆನಪಿಸಿತು ಎಂಬುದಷ್ಟನ್ನು ತಿಳಿದಿರಿ.

ಕೊನೆಯದಾಗಿ, ಖರ್ಚಿನ ಲೆಕ್ಕ ಪಡೆಯಲು ನೀವು ಮಾಡಬೇಕಾದದ್ದು. ಮಾಹಿತಿ ಹಕ್ಕು ಕಾಯ್ದೆಯ 24ನೇ ಪ್ರಕರಣದಡಿ ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮೊದಲಾದ ಸಂಸ್ಥೆಗಳಿಗೆ ವಿನಾಯಿತಿ ಇದೆ. ಅಲ್ಲೂ ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ಭೂಸೇನೆಯಂತೂ ಆ ಪಟ್ಟಿಯಲ್ಲೇ ಇಲ್ಲ, ಇನ್ನು ಶಾಮಿಯಾನದ ಬಿಲ್ಲಿಗೆ ಎಲ್ಲಿಯ ವಿನಾಯಿತಿ? ಮೊದಲು ಪಂಚಾಯಿತಿಯ ಜಮಾಬಂದಿಯ, ಅಂದರೆ ವಾರ್ಷಿಕ ಲೆಕ್ಕ ತಪಾಸಣೆಯ ದಿನ ನೇರವಾಗಿ ಕೇಳಿ. ಉತ್ತರ ಬರದಿದ್ದರೆ ನಮೂನೆ ‘ಎ’ಯಲ್ಲಿ, 10 ರೂಪಾಯಿ ಶುಲ್ಕದೊಂದಿಗೆ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಅರ್ಜಿ ಕೊಡಿ, 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಖರ್ಚಿಗೆ ಒಪ್ಪಿಗೆ ಕೊಟ್ಟ ಸಭೆಯ ನಡಾವಳಿ, ಬಿಲ್ಲುಗಳು, ವೋಚರುಗಳು ಮತ್ತು ಯಾವ ಲೆಕ್ಕಶೀರ್ಷಿಕೆಯಿಂದ ಹಣ ಸಂದಾಯವಾಯಿತೆಂಬ ವಿವರ, ಇಷ್ಟರ ಪ್ರತಿ ಕೇಳಿ. ಅರ್ಜಿಯಲ್ಲಿ ಆ ಯೋಧರ ಹೆಸರನ್ನು ಬರೆಯಬೇಡಿ. ಕಾರ್ಯಕ್ರಮ ನಡೆದ ದಿನಾಂಕ ಸಾಕು.